ಸೇವಾದಳದಿಂದ ಹಮಾಲ ಪಂಚಾಯತಿಗೆ: ಯುವಸೇವೆಯ ಎರಡು ಮಾದರಿಗಳು

ಪುಣೆಯ ಗುಲ್ಟೇಕಡಿಯಲ್ಲಿರುವ ಮಾರ್ಕೆಟ್ ಯಾರ್ಡ್ ಸಗಟು ವ್ಯಾಪಾರದ ಕೇಂದ್ರವೆಂದು ಪ್ರಸಿದ್ಧ. ಅಲ್ಲಿಯೇ ಇರುವ ಹಮಾಲ ಭವನವು ತರುಣರ ಸೇವಾಸಂಘಟನೆಯ ಇತಿಹಾಸದಲ್ಲಿಯೂ ಗಮನಾರ್ಹವಾದ ನೆಲೆ. ಇದನ್ನು ಹುಬ್ಬಳ್ಳಿಯ ಸೇವಾದಳದೊಡನೆ ಇಟ್ಟು ನೋಡಿದಾಗ, ತರುಣರಿಗೆ ಕೊಡುವ ಸೇವಾಶಿಕ್ಷಣದ ಗುರಿ ಏನು ಎಂಬ ಪ್ರಶ್ನೆ ನಮಗೆ ಎದುರಾಗುತ್ತದೆ.

ಅಮೆರಿಕದಲ್ಲಿ ಓದಿ ಬಂದ ವೈದ್ಯ ಡಾ. ನಾ. ಸು. ಹರ್ಡೀಕರರು (1889–1975) ಹುಬ್ಬಳ್ಳಿಯಲ್ಲಿ ತರುಣರನ್ನು ಸಂಘಟಿಸಿದರು. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಸೆರೆಮನೆ ಸೇರಿದ ಈ ತರುಣರು ಕ್ಷಮೆ ಕೇಳಿ ಬಿಡುಗಡೆ ಪಡೆಯಲು ಒಪ್ಪಲಿಲ್ಲ. ಅದೇ ವರ್ಷದ ಕಾಕಿನಾಡ ಅಧಿವೇಶನದ ಕಾಲಕ್ಕೆ ಅಖಿಲ ಭಾರತ ಮಟ್ಟದ ಸ್ವಯಂಸೇವಕ ಸಂಸ್ಥೆ ಹುಟ್ಟಿತು. ಅದೇ ಮುಂದೆ ಹಿಂದೂಸ್ತಾನಿ ಸೇವಾದಳವೆನಿಸಿತು. 1924ರ ಬೆಳಗಾವಿ ಅಧಿವೇಶನದಲ್ಲಿ ಅದರ ಶಿಸ್ತು ನಾಡಿಗೆ ಕಾಣಿಸಿತು. ಆದರೆ ಕವಾಯತು ಅಹಿಂಸೆಗೆ ಹೊಂದುವುದೇ ಎಂಬ ಆಕ್ಷೇಪವೂ ಎದ್ದಿತು. 1931ರಲ್ಲಿ ದಳವು ಕಾಂಗ್ರೆಸ್ಸಿನ ಅಧಿಕೃತ ಅಂಗವಾಯಿತು. ಇದರಿಂದ ಮಾನ್ಯತೆ ದೊರೆತರೂ ಸ್ವಾಯತ್ತತೆ ಕುಗ್ಗಿತೆಂದು ಹೇಳಬಹುದು.

ಇನ್ನೊಂದು ಮಾದರಿ ಪುಣೆಯದು. 1941ರಲ್ಲಿ ಸ್ಥಾಪನೆಯಾದ ರಾಷ್ಟ್ರ ಸೇವಾದಳದಲ್ಲಿ ಬೆಳೆದ ಬಾಬಾ ಆಢಾವರೂ (1930–2025) ವೃತ್ತಿಯಿಂದ ವೈದ್ಯರೇ. ನಾನಾ ಪೇಠೆಯ ಚಿಕಿತ್ಸಾಲಯಕ್ಕೆ ಬರುತ್ತಿದ್ದ ಹಮಾಲರ ಬೇನೆಗೆ ಕಾರಣ ಬೆನ್ನ ಮೇಲಣ ಮೂಟೆಯೂ ಗೊತ್ತುಗುರಿಯಿಲ್ಲದ ಕೂಲಿಯೂ ಆಗಿದ್ದುವು. ಅದಕ್ಕೆ ಔಷಧಿಯೊಂದೇ ಸಾಲದು. 1950ರ ದಶಕದ ಮಧ್ಯಭಾಗದಲ್ಲಿ ಹಮಾಲ ಪಂಚಾಯತಿ ರೂಪುಗೊಂಡಿತು. 1969ರ ಮಹಾರಾಷ್ಟ್ರದ ಮಾಥಾಡಿ ಕಾಯಿದೆಯು ಸರ್ಕಾರ, ಮಾಲಿಕರು, ಶ್ರಮಿಕರು ಸೇರಿದ ಮಂಡಲಿಗಳಿಗೆ ಎಡೆಮಾಡಿತು. ನೋಂದಾಯಿತ ಹಮಾಲನಿಗೆ ಕೂಲಿಯ ಜತೆಗೆ ಭವಿಷ್ಯನಿಧಿಯಂಥ ಸೌಲಭ್ಯವೂ ದೊರೆಯುವಂತಾಯಿತು. 1974ರಲ್ಲಿ ಪಂಚಾಯತಿಯು ‘ಕಷ್ಟಾಚೀ ಭಾಕರ್’ ಎಂಬ ಅಗ್ಗದ ಊಟದ ಕೇಂದ್ರವನ್ನು ತೆರೆಯಿತು. ಕಷ್ಟದ ರೊಟ್ಟಿ, ಅಂದರೆ ದುಡಿದುಂಬ ರೊಟ್ಟಿ, ಎಂಬುದು ಆ ಹೆಸರಿನ ಅರ್ಥ. ಅದು ದಾನದ ಅನ್ನಸತ್ರವಲ್ಲ. ಉಣ್ಣುವವನು ಬೆಲೆ ಕೊಟ್ಟೇ ಉಣ್ಣುತ್ತಾನೆ.

ಕನ್ನಡದ ಓದುಗನಿಗೆ ಇಲ್ಲಿ ಆಯ್ದಕ್ಕಿ ಮಾರಯ್ಯ–ಲಕ್ಕಮ್ಮರ ಕಥನ ನೆನಪಾಗುವುದು ಸಹಜ. ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಗಂಡನಿಗೆ ಅದನ್ನು ಹಿಂದಕ್ಕೆ ಸುರಿದು ಬರುವಂತೆ ಲಕ್ಕಮ್ಮ ತಿಳಿಹೇಳುತ್ತಾಳೆ. ದಾಸೋಹದ ಹಿಂದೆ ಕಾಯಕವಿರಬೇಕೆಂಬ ಶರಣರ ನಿಲುವಿನಲ್ಲಿ ಕೊಡುವವನು ಮೇಲಲ್ಲ, ಕೊಳ್ಳುವವನು ಕೀಳಲ್ಲ. ಪುಣೆಯ ಪಂಚಾಯತಿಗೆ ವಚನಗಳು ಪ್ರೇರಣೆಯೆಂದು ಇದರ ಅರ್ಥವಲ್ಲ. ಅದರ ಹಿನ್ನೆಲೆಯಲ್ಲಿರುವುದು ಫುಲೆಯವರ ಸತ್ಯಶೋಧಕ ಪರಂಪರೆ. ಆದರೂ ಶ್ರಮದ ಘನತೆಯನ್ನು ಕುರಿತ ಈ ಸಾಮ್ಯ ವಿಚಾರಯೋಗ್ಯ.

ಮಾಥಾಡಿ ಕಾಯಿದೆಯ ವರ್ಷವೇ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. ಇಂದಿನ ಶಿಬಿರಗಳಲ್ಲಿ ನಾಯಕತ್ವವೆಂದರೆ ಮುಂದೆ ನಿಂತು ನಡೆಸುವುದು ಎಂಬ ಭಾವನೆಯೇ ಪ್ರಬಲವಾಗಿದೆ. ಹುಬ್ಬಳ್ಳಿಯ ತರುಣರಿಂದ ಶಿಸ್ತನ್ನೂ ನಿರ್ಭಯತೆಯನ್ನೂ ಕಲಿಯಬೇಕು, ನಿಜ. ಆದರೆ ಸೇವೆ ಪಡೆದವರು ತಮ್ಮ ವ್ಯವಹಾರವನ್ನು ತಾವೇ ನಡೆಸುವಂತಾದಾಗಲೇ ಆ ಕಲಿಕೆ ಸಾರ್ಥಕ. ಮೂಟೆ ಹೊರುವವರು ಪಂಚಾಯತಿಯಲ್ಲಿ ಕುಳಿತು ತಮ್ಮ ಕೂಲಿಯ ದರವನ್ನು ಚರ್ಚಿಸಬಲ್ಲರೆಂಬುದನ್ನು ಮಾರ್ಕೆಟ್ ಯಾರ್ಡ್ ತೋರಿಸಿಕೊಟ್ಟಿದೆ.