ಕಂದಹಾರದ ಗ್ರೀಕ್ ಶಾಸನಗಳು: ಅರಸು ಹೋದ ಮೇಲೆ ಉಳಿದ ನುಡಿ

ಗ್ರೀಕ್ ಸಂಸ್ಕೃತಿಯು ಪೂರ್ವದೇಶಗಳಿಗೆ ಹಬ್ಬಿದ್ದನ್ನು ಅಲೆಕ್ಸಾಂಡರನ ದಂಡಯಾತ್ರೆಯ ಫಲವೆಂದು ವಿವರಿಸುವುದು ವಾಡಿಕೆ. ಗ್ರೀಕರ ಆಳ್ವಿಕೆ ಮುಗಿದ ನೆಲದಲ್ಲಿಯೂ ಅದು ಹೇಗೆ ಉಳಿದು ಬೆರೆಯಿತೆಂಬುದನ್ನು ಈ ವಿವರಣೆ ಹೇಳುವುದಿಲ್ಲ. ಅದಕ್ಕೆ ಅಫ್ಘಾನಿಸ್ತಾನದ ಕಂದಹಾರವನ್ನು ನೋಡಬೇಕು.

ಕ್ರಿ.ಪೂ. 4ನೆಯ ಶತಮಾನದ ಕೊನೆಯಲ್ಲಿ ಸೆಲ್ಯೂಕಸನು ಚಂದ್ರಗುಪ್ತ ಮೌರ್ಯನೊಡನೆ ಒಪ್ಪಂದ ಮಾಡಿಕೊಂಡು ಈ ಸೀಮೆಯನ್ನು ಬಿಟ್ಟುಕೊಟ್ಟನು. ಆಳುವವರ ನುಡಿಯನ್ನಾಡುತ್ತಿದ್ದ ಗ್ರೀಕರು ಊರು ಬಿಡದೆಯೇ ಬೇರೊಂದು ಸಾಮ್ರಾಜ್ಯದ ಭಾಷಾ ಅಲ್ಪಸಂಖ್ಯಾತರಾದರು.

1958ರಲ್ಲಿ ಬೆಳಕಿಗೆ ಬಂದ ಅಶೋಕನ ಬಂಡೆಶಾಸನದಲ್ಲಿ ಮೇಲೆ ಗ್ರೀಕ್ ಪಾಠವೂ ಕೆಳಗೆ ಅರಮಾಯಿಕ್ ಪಾಠವೂ ಇವೆ, ಪ್ರಾಕೃತವಿಲ್ಲ. ‘ಧಮ್ಮ’ವು ಅರಮಾಯಿಕ್‌ನಲ್ಲಿ ‘ಸತ್ಯ’ವಾಗಿದೆ, ಗ್ರೀಕ್‌ನಲ್ಲಿ ‘ಯುಸೆಬೇಯಾ’, ಅಂದರೆ ದೇವರು ಹಿರಿಯರಲ್ಲಿ ಇರಬೇಕಾದ ಭಕ್ತಿಗೌರವ. 1963ರಲ್ಲಿ ದೊರೆತ ಇನ್ನೊಂದು ಗ್ರೀಕ್ ಶಾಸನವು 12 ಮತ್ತು 13ನೆಯ ಬಂಡೆಶಾಸನಗಳ ಭಾಗಗಳನ್ನು ಒಳಗೊಂಡಿದೆ. ಅದರಲ್ಲಿ ಮತಪಂಥವೆಂಬರ್ಥದ ‘ಪಾಸಂಡ’ಕ್ಕೆ, ತತ್ತ್ವಜ್ಞಾನಿಗಳ ಶಾಲೆಯನ್ನು ಸೂಚಿಸುವ ‘ದಿಯಾತ್ರಿಬೇ’ ಎಂಬ ಪದ ಬಳಕೆಯಾಗಿದೆ. ಅನುವಾದಕನಿಗೆ ಗ್ರೀಕ್ ತತ್ತ್ವಚಿಂತನೆಯ ಪರಿಭಾಷೆ ಚೆನ್ನಾಗಿ ತಿಳಿದಿತ್ತು. ಬೆರಕೆಯೆಂಬುದು ಇಲ್ಲಿ ಎರಡು ವಸ್ತುಗಳ ಕೂಡಿಕೆಯಲ್ಲ. ಒಂದು ಪರಂಪರೆಯ ಪದವು ಇನ್ನೊಂದರ ಅರ್ಥವನ್ನು ಹೊರಲು ಒಪ್ಪಿದ ಪ್ರಕ್ರಿಯೆ.

ಇದೇ ಅರಸನು ಮಸ್ಕಿ, ಬ್ರಹ್ಮಗಿರಿಗಳಲ್ಲಿಯೂ ಇಂದಿನ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿಯೂ ಪ್ರಾಕೃತದಲ್ಲಿಯೇ ಮಾತನಾಡಿದನು. ಬ್ರಹ್ಮಗಿರಿಯ ಲಿಪಿಕಾರ ಚಪಡನು ತನ್ನ ವೃತ್ತಿಸೂಚಕ ಪದವನ್ನು ವಾಯವ್ಯ ಭಾರತದ ಖರೋಷ್ಠಿಯಲ್ಲಿ ಕೆತ್ತಿದನು. ಸ್ಥಳೀಯರ ನುಡಿಗೆ ಮಾತ್ರ ಬಂಡೆಯ ಮೇಲೆ ಎಡೆಯಿರಲಿಲ್ಲ. ಗ್ರೀಕ್ ಅರಮಾಯಿಕ್‌ಗಳಿಗೆ ಆಗಲೇ ಲಿಪಿಯೂ ಆಡಳಿತದ ಬಳಕೆಯೂ ಇದ್ದವು. ಆದ್ದರಿಂದ ಅನುವಾದದ ಮನ್ನಣೆ ದೊರೆತದ್ದು ಆಡುವವರ ಸಂಖ್ಯೆಗಲ್ಲ, ಬರಹದ ಪರಂಪರೆಗೆ ಎಂದು ಊಹಿಸಬಹುದು.

ಆದರೆ ಆ ಮನ್ನಣೆಯೂ ಶಾಶ್ವತವಲ್ಲ. ಕ್ರಿ.ಶ. 2ನೆಯ ಶತಮಾನದ ಕುಷಾಣ ದೊರೆ ಕನಿಷ್ಕನು ಗ್ರೀಕನ್ನು ಬಿಟ್ಟು ‘ಆರ್ಯ’ ಭಾಷೆಯನ್ನು ಬಳಕೆಗೆ ತಂದುದನ್ನು ರಬಾತಕ್ ಶಾಸನ ತಿಳಿಸುತ್ತದೆ. ಇಂದು ಬ್ಯಾಕ್ಟ್ರಿಯನ್ ಎನಿಸಿಕೊಳ್ಳುವ ಆ ಭಾಷೆಯನ್ನು ಬರೆದದ್ದು ಗ್ರೀಕ್ ಲಿಪಿಯಲ್ಲಿ. ‘ಶ’ಕಾರಕ್ಕೆ ಹೊಸದೊಂದು ಅಕ್ಷರವೂ ಸೇರಿತು. ನುಡಿ ಹಿಂದೆ ಸರಿಯಿತು, ಅಕ್ಷರ ಅನ್ಯರ ಸ್ವತ್ತಾಯಿತು. ಅಕ್ಷರ ಉಳಿದುದನ್ನು ಭಾಷೆಯ ಉಳಿವೆಂದು ಎಣಿಸಲಾಗದೆಂಬ ಎಚ್ಚರ ಗಡಿನಾಡಿನ ಭಾಷಾಧ್ಯಯನಕ್ಕೂ ಅಗತ್ಯ.