ಜೀವಕೋಶಗಳ ಉಳಿವು ಮತ್ತು ವಿಷತ್ವದ ಮಾಪನ

ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳಿಗೆ ಔಷಧ, ಸಸ್ಯಸಾರ ಅಥವಾ ವೈರಸ್ ಸೇರಿಸಿ, ಎಷ್ಟು ಉಳಿದವು, ಎಷ್ಟು ಸತ್ತವು ಎಂದು ಅಳೆಯುವ ವಿಧಾನಗಳು. ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳಿಗೆ ಇದು ದೂರದ ಸಂಗತಿಯಲ್ಲ. ಅಡಿಕೆ ತೋಟಕ್ಕೆ ಸೊಪ್ಪು, ದರಕು ತರಲು ಬೆಟ್ಟಕ್ಕೆ ಹೋದವರಿಗೆ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ ಈ ಸೀಮೆಯಲ್ಲೂ ಕಾಣಿಸಿಕೊಂಡಿದೆ. ಅದರ ವೈರಸ್ಸಿನ ಬಲವನ್ನು ಕೋಶಗಳ ಸಾವಿನಿಂದ ಅಳೆಯಬಹುದು.

ಈ ವೈರಸ್ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಸತ್ತ ಮಂಗಗಳ ಜಾಡು ಹಿಡಿದಾಗ ಪತ್ತೆಯಾಯಿತು. ಗುರುತಿಸಿದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ. ಇಂದು ಅದನ್ನು ಬೆಳೆಸಲು ಬಳಸುವ ಕೋಶಗಳಲ್ಲಿ ವೆರೊ ಮುಖ್ಯವಾದುದು. 1962ರಲ್ಲಿ ಜಪಾನಿನಲ್ಲಿ ಆಫ್ರಿಕದ ಹಸಿರು ಮಂಗದ ಮೂತ್ರಪಿಂಡದಿಂದ ಪಡೆದ ಸಂತತಿ ಅದು. ಮಂಗಗಳನ್ನು ಕೊಲ್ಲುವ ರೋಗವನ್ನು ಮಂಗದ ಕೋಶಗಳಲ್ಲೇ ಓದುತ್ತಿದ್ದೇವೆ ಎಂಬುದು ಮನಸ್ಸಿನಲ್ಲಿ ನಿಲ್ಲುವ ಸಂಗತಿ.

ಕೋಶಗಳು ತಟ್ಟೆಯ ತಳದಲ್ಲಿ ಒಂದೇ ಪದರವಾಗಿ ಹಬ್ಬಿದ ಮೇಲೆ ವೈರಸ್ ಹಾಕಿ, ಅದು ತೇಲಿ ಹರಡದಂತೆ ಗಟ್ಟಿ ದ್ರವದ ಹೊದಿಕೆ ಕೊಡುತ್ತಾರೆ. ಕೆಲವು ದಿನಗಳ ನಂತರ ಬಣ್ಣ ಹಾಕಿದರೆ ಬದುಕಿದ ಕೋಶಗಳು ನೇರಳೆಯಾಗುತ್ತವೆ, ಸತ್ತ ಜಾಗ ಬಿಳಿ ಚುಕ್ಕೆಯಾಗಿ ಉಳಿಯುತ್ತದೆ. ಇದೇ ಪ್ಲಾಕ್. ಹತ್ತು ಸಾವಿರ ಪಟ್ಟು ತೆಳುವಾಗಿಸಿದ ದ್ರವದ 0.1 ಮಿಲಿಲೀಟರಿನಿಂದ 30 ಚುಕ್ಕೆ ಎದ್ದರೆ, ಮೂಲ ದ್ರವದ ಒಂದು ಮಿಲಿಲೀಟರಿನಲ್ಲಿ ಕೋಶ ಕೊಲ್ಲಬಲ್ಲ ವೈರಸ್ 30 ಲಕ್ಷ. ಪ್ರಾಣಿ ವೈರಸ್‌ಗಳಿಗೆ ಈ ವಿಧಾನವನ್ನು 1952ರಲ್ಲಿ ತಂದವರು ರೆನಾಟೊ ಡುಲ್ಬೆಕೊ.

ಔಷಧ ಹುಡುಕುವಾಗ ಲೆಕ್ಕ ತೊಡಕಾಗುತ್ತದೆ. ವೈರಸ್ ಕಡಿಮೆಯಾಯಿತೆಂದರೆ ಔಷಧ ಗೆದ್ದಿರಬಹುದು, ಇಲ್ಲವೇ ವೈರಸ್ ಬೆಳೆಯಬೇಕಾದ ಕೋಶಗಳನ್ನೇ ಅದು ಕೊಂದಿರಬಹುದು. ಆದ್ದರಿಂದ ವೈರಸ್ ಇಲ್ಲದ ತಟ್ಟೆಯಲ್ಲಿ ಅರ್ಧದಷ್ಟು ಕೋಶಗಳನ್ನು ಸಾಯಿಸುವ ಪ್ರಮಾಣವನ್ನು ಬೇರೆಯಾಗಿ ಅಳೆದು, ವೈರಸ್ಸನ್ನು ಅರ್ಧಕ್ಕಿಳಿಸುವ ಪ್ರಮಾಣದಿಂದ ಭಾಗಿಸುತ್ತಾರೆ. ಈ ಅನುಪಾತ ದೊಡ್ಡದಿದ್ದಷ್ಟೂ ಒಳ್ಳೆಯದು.

ಕೋಶ ಸತ್ತಿತು ಎನ್ನಲು ಗುರುತೇನು? ಟ್ರೈಪಾನ್ ಬ್ಲೂ ಬಣ್ಣ ಪೊರೆ ಹರಿದ ಕೋಶಕ್ಕಷ್ಟೇ ಇಳಿಯುತ್ತದೆ. ಪೊರೆ ಹರಿದಾಗ ಸೋರುವ ಎಲ್‌ಡಿಎಚ್ ಕಿಣ್ವವನ್ನೂ ಅಳೆಯುವುದುಂಟು. 1983ರಲ್ಲಿ ಟಿಮ್ ಮಾಸ್ಮನ್ ಪ್ರಕಟಿಸಿದ ಎಂಟಿಟಿ ವಿಧಾನದಲ್ಲಿ ಬದುಕಿದ ಕೋಶ ಹಳದಿ ಲವಣವನ್ನು ನೇರಳೆ ಹರಳಾಗಿಸುತ್ತದೆ. ಬಣ್ಣದ ಗಾಢತೆಯನ್ನು ಯಂತ್ರ ಓದುತ್ತದೆ. ಅಗ್ಗ, ಬೇಗ ಆಗುತ್ತದೆ. ಆದರೆ ಅದು ಹೇಳುವುದು ಕೋಶದ ಚಯಾಪಚಯವನ್ನು, ಜೀವವನ್ನಲ್ಲ. ಬೆಳವಣಿಗೆ ನಿಂತ ಕೋಶವೂ ಮಂಕಾಗಿ ಕಾಣಬಹುದು. ಒಂದೇ ಪರೀಕ್ಷೆಯ ಮೇಲೆ ತೀರ್ಮಾನ ಕಟ್ಟುವುದು ತಪ್ಪು.

ಕರಾವಳಿಯ ಸಸ್ಯಸಾರಗಳಲ್ಲಿ ಇನ್ನೂ ಎಚ್ಚರ ಬೇಕು. ಮುರುಗಲು ಸಿಪ್ಪೆಯ ಕೆಂಪು ಬಣ್ಣ ಯಂತ್ರದ ಓದನ್ನು ಕೆಡಿಸಬಹುದು. ಗಾರ್ಸಿನಾಲ್‌ನಂಥ ಉತ್ಕರ್ಷಣ ನಿರೋಧಕಗಳಿರುವ ಸಾರ ತಟ್ಟೆಯ ಕೋಶವೇ ಇಲ್ಲದ ಗುಳಿಯಲ್ಲೂ ಎಂಟಿಟಿಯನ್ನು ನೇರಳೆಯಾಗಿಸಬಹುದು. ಕೋಶವಿಲ್ಲದೆ ಸಾರವಷ್ಟೇ ಇರುವ ಗುಳಿಯನ್ನು ಪ್ರತಿ ತಟ್ಟೆಯಲ್ಲೂ ಇಡಬೇಕು.

ತಟ್ಟೆಯ ಅಳತೆಗೆ ಗಡಿಯೂ ಇದೆ. ಮಂಗನ ಕಾಯಿಲೆಯ ಲಸಿಕೆಯ ವೈರಸ್ಸನ್ನು ಕೋಳಿ ಭ್ರೂಣದ ಕೋಶಗಳಲ್ಲಿ ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸುತ್ತಿದ್ದರು. ಅದು ಜನರನ್ನು ಎಷ್ಟು ಕಾಯುತ್ತಿತ್ತು ಎಂಬುದು ತಿಳಿದದ್ದು ಊರೂರಿನ ದಾಖಲೆಗಳಿಂದ: ಕರ್ನಾಟಕದ 2005–2010ರ ಅಧ್ಯಯನದಲ್ಲಿ ಎರಡು ಡೋಸ್‌ಗೆ ಶೇ. 62.4, ಬೂಸ್ಟರ್ ಸೇರಿದರೆ ಶೇ. 82.9 ರಕ್ಷಣೆ.