ಶಿಫಾರಸು ಚೀಟಿಯಿಂದ ಪರೀಕ್ಷೆಯ ಹಾಲಿಗೆ

ಅಮ್ಮೆಂಬಳ ಸುಬ್ಬರಾವ್ ಪೈ ವಕೀಲರು. 1891ರಲ್ಲಿ ಅವರು ಮಂಗಳೂರಿನಲ್ಲಿ ಕೆನರಾ ಹೈಸ್ಕೂಲ್ ತೆರೆದರು. ಹದಿನೈದು ವರ್ಷ ಕಳೆದ ಮೇಲೆ, 1906ರ ಜುಲೈಯಲ್ಲಿ, ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಶುರು ಮಾಡಿದರು. ತಲಾ 50 ರೂಪಾಯಿಯ 2,000 ಷೇರು, ನಾಲ್ಕು ಮಂದಿ ಸಿಬ್ಬಂದಿ. ಅದೇ ಮುಂದೆ ಕೆನರಾ ಬ್ಯಾಂಕ್ ಆಯಿತು. ಓದಿಸುವ ಸಂಸ್ಥೆಯನ್ನೂ ಓದಿದವರಿಗೆ ಕೆಲಸ ಕೊಡಬಲ್ಲ ಸಂಸ್ಥೆಯನ್ನೂ ಒಬ್ಬರೇ ಕಟ್ಟಿದ್ದು ಕರಾವಳಿಯ ಮಟ್ಟಿಗೆ ದೊಡ್ಡ ಸಂಗತಿ.

ಆಗ ಮಂಗಳೂರಿನ ಹಂಪನಕಟ್ಟೆಯ ಆಸುಪಾಸಿನಲ್ಲಿ ಓದಿಗೆ ಕೊರತೆ ಇರಲಿಲ್ಲ. ಇಂದು ವಿಶ್ವವಿದ್ಯಾನಿಲಯ ಕಾಲೇಜು ಎನಿಸಿಕೊಂಡಿರುವ ಸರ್ಕಾರಿ ಕಾಲೇಜು ಅಲ್ಲಿತ್ತು. ಗುಡ್ಡೆ ಹತ್ತಿದರೆ 1880ರ ಸಂತ ಅಲೋಶಿಯಸ್ ಕಾಲೇಜು. ಕೊರತೆ ಇದ್ದದ್ದು ಕುರ್ಚಿಗಳಿಗೆ. ಕಲೆಕ್ಟರ ಕಚೇರಿ, ಕೋರ್ಟು, ಹಂಚಿನ ಕಾರ್ಖಾನೆಗಳ ಲೆಕ್ಕದ ಮೇಜು ಇಷ್ಟು ಬಿಟ್ಟರೆ ಉಳಿದದ್ದು ಬೊಂಬಾಯಿಯ ಹಡಗು.

ಆ ಕೊರತೆಯನ್ನು ತುಂಬಿದ್ದು ಬ್ಯಾಂಕುಗಳು. 1906ರ ಮಾರ್ಚ್‌ನಲ್ಲೇ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಶನ್ ಬ್ಯಾಂಕಿಗೆ ಬುನಾದಿ ಹಾಕಿದ್ದರು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿ ಮುಂದೆ ಸಿಂಡಿಕೇಟ್ ಎನಿಸಿಕೊಂಡ ಬ್ಯಾಂಕ್, 1931ರಲ್ಲಿ ಅತ್ತಾವರ ಬಾಲಕೃಷ್ಣ ಶೆಟ್ಟರ ಮುಂದಾಳತ್ವದಲ್ಲಿ ವಿಜಯಾ ಬ್ಯಾಂಕ್. ಆಗಿನ ಒಂದೇ ದಕ್ಷಿಣ ಕನ್ನಡ ಜಿಲ್ಲೆ, ಕಾಲು ಶತಮಾನ, ಐದು ಬ್ಯಾಂಕು.

ಪ್ಲೇಸ್‌ಮೆಂಟ್ ಸೆಲ್ ಎಂಬುದು ಯಾರಿಗೂ ಗೊತ್ತಿಲ್ಲದ ಕಾಲ. ಓದಿದವರಿಗೆ ನೌಕರಿ ಹುಡುಕಿಕೊಡುವ ಕೆಲಸವನ್ನು ಪರಿಚಯ, ಮಠ, ಇಗರ್ಜಿ, ಹಾಸ್ಟೆಲು, ಜಾತಿ ಸಂಘಗಳೇ ಮಾಡುತ್ತಿದ್ದವು. 'ನಮ್ಮ ಹುಡುಗ, ಲೆಕ್ಕದಲ್ಲಿ ಚುರುಕು' ಎಂಬ ಮಾತಿಗೆ ಅರ್ಜಿಗಿಂತ ಬೆಲೆ. ವಿಜಯಾ ಬ್ಯಾಂಕನ್ನು ಬೆಳೆಸಿದ ಮೂಲ್ಕಿ ಸುಂದರರಾಮ ಶೆಟ್ಟರು ಹಳ್ಳಿಯ ಹುಡುಗರನ್ನು ಕರೆಕರೆದು ಕೆಲಸ ಕೊಟ್ಟರೆಂದು ದಕ್ಷಿಣ ಕನ್ನಡದ ಎಷ್ಟೋ ಮನೆಗಳಲ್ಲಿ ಇವತ್ತಿಗೂ ನೆನೆಯುತ್ತಾರೆ. ನೆನೆಯುವುದು ನ್ಯಾಯವೇ. ಆದರೆ ಅಂಥ ಮಾತು ಹೇಳುವವರು ಯಾರೂ ಇಲ್ಲದ ಮನೆಯ ಹುಡುಗನಿಗೆ ಅದೇ ವ್ಯವಸ್ಥೆ ಗೋಡೆಯಾಗಿತ್ತು ಎಂಬುದನ್ನೂ ಹೇಳಲೇಬೇಕು.

ಅಂಥವನಿಗೆ ಉಳಿದದ್ದು ಟೈಪಿಂಗ್ ಇನ್‌ಸ್ಟಿಟ್ಯೂಟು. ಮಹಡಿ ಮೇಲಿನ ಕೋಣೆ, ಸಾಲಾಗಿ ರೆಮಿಂಗ್ಟನ್ ಯಂತ್ರಗಳು, ಬೆಳಗ್ಗೆ ಒಂದು ಗಂಟೆಯ ಪಾಠ. ಎ-ಎಸ್-ಡಿ-ಎಫ್-ಜಿ-ಎಫ್ ಎಂದು ಬೆರಳು ಪಳಗಿಸುವುದರಿಂದ ಆರಂಭ. ಮದ್ರಾಸ್ ಪ್ರಾಂತ್ಯದ ಕಾಲದಲ್ಲಿ ಲೋವರ್, ಹೈಯರ್ ಪರೀಕ್ಷೆ. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ನಂತರ ಜೂನಿಯರ್, ಸೀನಿಯರ್. ಜೊತೆಗೆ ಪಿಟ್‌ಮನ್ನನ ಶೀಘ್ರಲಿಪಿ. ಬಿ.ಕಾಂ. ಮುಗಿಸಿದವನೂ ಇಲ್ಲಿಗೆ ಬಂದು ಕೂರುತ್ತಿದ್ದ. ಜಮಾಖರ್ಚಿನ ತತ್ವ ಕಾಲೇಜಿನಲ್ಲಿ ಸಿಗುತ್ತಿತ್ತು, ಕಚೇರಿಗೆ ಬೇಕಾದ ಕೈಚಳಕ ಮಾತ್ರ ಮಹಡಿ ಮೇಲೆ. ಹಗಲು ದುಡಿದು ಸಂಜೆ ಓದುವವರಿಗೆ ಸಂಜೆ ಕಾಲೇಜುಗಳು ಬಂದವು. ಬೊಂಬಾಯಿಗೆ ಹೋದವರಿಗೂ ಇದೇ ದಾರಿ: ಹಗಲು ಹೋಟೆಲು, ರಾತ್ರಿ ಶಾಲೆ, ಆಮೇಲೆ ಟೈಪಿಂಗು.

1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು; ಅವುಗಳಲ್ಲಿ ಕೆನರಾ ಮತ್ತು ಸಿಂಡಿಕೇಟ್ ಈ ಜಿಲ್ಲೆಯವು. 1980ರ ಏಪ್ರಿಲ್‌ನಲ್ಲಿ ಕಾರ್ಪೊರೇಶನ್, ವಿಜಯಾ ಕೂಡ ಆ ಸಾಲಿಗೆ ಸೇರಿದವು. ನೇಮಕಾತಿ ಬ್ಯಾಂಕಿಂಗ್ ಸೇವಾ ನೇಮಕಾತಿ ಮಂಡಳಿಯ, ಅಂದರೆ ಬಿಎಸ್‌ಆರ್‌ಬಿಯ, ಲಿಖಿತ ಪರೀಕ್ಷೆಗೆ ಹೋಯಿತು. ಶಿಫಾರಸು ಚೀಟಿಯ ಜಾಗಕ್ಕೆ ರೀಸನಿಂಗ್ ಗೈಡು, ಕಾಂಪಿಟೀಶನ್ ಸಕ್ಸೆಸ್ ರಿವ್ಯೂ ಪತ್ರಿಕೆ ಬಂದವು. ದೊಡ್ಡವರ ಪರಿಚಯವಿಲ್ಲದ ಹುಡುಗಿಯೂ ಕ್ಯಾಶ್ ಕೌಂಟರಿನಲ್ಲಿ ಕೂರಬಹುದಾದ ದಾರಿ ಇದು. ಊರಿನ ಬ್ಯಾಂಕಿನಲ್ಲಿ ಊರಿನವರಿಗೇ ಕೆಲಸ ಸಿಗುವುದಿಲ್ಲ ಎಂಬ ಗೊಣಗಾಟವೂ ಅದರ ಬೆನ್ನಿಗೇ ಬಂತು.

ಈಗ ಆ ಹೆಸರುಗಳಲ್ಲಿ ಉಳಿದದ್ದು ಎರಡೇ. 2019ರಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡದೊಳಗೆ ಸೇರಿತು. 2020ರ ಏಪ್ರಿಲ್ 1ರಂದು ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿನೊಳಗೆ, ಸಿಂಡಿಕೇಟ್ ಕೆನರಾದೊಳಗೆ. ಕೆಲಸ ಹುಡುಕಿಕೊಡಲು ಈಗ ಕಾಲೇಜುಗಳೇ ಪ್ಲೇಸ್‌ಮೆಂಟ್ ಅಧಿಕಾರಿಯನ್ನು ಇಟ್ಟುಕೊಂಡಿವೆ. ಎಷ್ಟು ಮಂದಿಗೆ ಕೆಲಸವಾಯಿತು ಎಂಬ ಲೆಕ್ಕವನ್ನು ಕಾಲೇಜುಗಳಿಗೆ ಮಾನ್ಯತೆ ಕೊಡುವ ನ್ಯಾಕ್ ಕೇಳುತ್ತದೆ. ಬಿ.ಕಾಂ., ಬಿ.ಬಿ.ಎ. ಮಕ್ಕಳಿಗೆ ರೆಸ್ಯೂಮೆ ಬರೆಯುವುದು, ಗುಂಪು ಚರ್ಚೆ, ಅಣಕು ಸಂದರ್ಶನ ನಡೆಯುತ್ತವೆ, ಬಹುಪಾಲು ಇಂಗ್ಲಿಷಿನಲ್ಲಿ.

ಬ್ಯಾಂಕ್ ಪರೀಕ್ಷೆಯಲ್ಲಿ ಭಾಷೆಯ ಬೇಲಿ ಸಡಿಲವಾದದ್ದು ತೀರಾ ಇತ್ತೀಚೆಗೆ. ಸಾರ್ವಜನಿಕ ವಲಯದ ಬ್ಯಾಂಕುಗಳ ಗುಮಾಸ್ತ ಹುದ್ದೆಯ ಪರೀಕ್ಷೆಯನ್ನು ಇಂಗ್ಲಿಷ್, ಹಿಂದಿಯ ಜೊತೆಗೆ 13 ಪ್ರಾದೇಶಿಕ ಭಾಷೆಗಳಲ್ಲೂ ನಡೆಸಬೇಕೆಂದು ಕೇಂದ್ರ ಹಣಕಾಸು ಸಚಿವಾಲಯ 2021ರಲ್ಲಿ ಹೇಳಿತು. ಆ ಪಟ್ಟಿಯಲ್ಲಿ ಕನ್ನಡವಿದೆ, ಕೊಂಕಣಿಯಿದೆ. ಹಂಪನಕಟ್ಟೆಯ ಬಸ್‌ಸ್ಟಾಪಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕಿವಿಗೆ ಬೀಳುವ ತುಳು ಇಲ್ಲ, ಬ್ಯಾರಿ ಇಲ್ಲ.